ಲೇತ್ ಅಂಗಡಿಗಳ ಹಳೆಯ ಕೂಲೆಂಟ್‌ಗೆ ಚರಂಡಿಯೇ ಗತಿಯೇ?

ಮಾನ್ಯ ಸಂಪಾದಕರೇ,

ಕಲಬುರಗಿಯಲ್ಲಿ 26 ವರ್ಷಗಳಿಂದ ಸಣ್ಣದೊಂದು ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಅಂಗಡಿ ನಡೆಸಿಕೊಂಡು ಬಂದಿರುವ ನಾನು, ಕೆಟ್ಟ ಕೂಲೆಂಟನ್ನು, ಅಂದರೆ ಲೋಹ ಕೊರೆಯುವಾಗ ತಂಪಿಗೆಂದು ಹರಿಸುವ ಎಣ್ಣೆ ಬೆರೆಸಿದ ಬಿಳಿ ನೀರನ್ನು, ಎಲ್ಲಿ ಚೆಲ್ಲುತ್ತೇವೆ ಎಂಬ, ನಮ್ಮ ಕಸುಬಿನವರು ಸಾಮಾನ್ಯವಾಗಿ ಬಾಯಿಬಿಡದ ಒಂದು ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲಾಡಳಿತದ ಮುಂದಿಡಲು ಬಯಸುತ್ತೇನೆ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಅಂಗಡಿಯೊಳಗಿನ ಒಂದು ಪ್ರಯೋಗದ ಕಥೆಯನ್ನು ಹೇಳಲೇಬೇಕು.

ಹೋದ ಬೇಸಿಗೆಯಲ್ಲಿ ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದವರೊಬ್ಬರು ಮನೆಯ ಶೆಡ್ಡಿನ ಲೇತಿಗೆ ರೈಫಲ್ ನಳಿಕೆಯನ್ನು ಕಟ್ಟಿ, ಅದರ ಬುಡದಲ್ಲಿ ತೋಟಾ ಕೂರುವ ಜಾಗವನ್ನು ರೀಮರ್‌ನಿಂದ (ರಂಧ್ರವನ್ನು ನಿಖರ ಅಳತೆಗೆ ತರುವ ಹಲ್ಲುಳ್ಳ ಉಪಕರಣ) ಕೊರೆಯುತ್ತಿದ್ದರು. ನಳಿಕೆಯ ಇನ್ನೊಂದು ತುದಿಯಿಂದ ಪಂಪು ಕಟಿಂಗ್ ಆಯಿಲನ್ನು ಒಳಗೆ ನೂಕುತ್ತಿತ್ತು. ಆ ಎಣ್ಣೆ ರೀಮರಿನ ಹಲ್ಲುಗಳ ನಡುವಿನ ಚಿಪ್ಸನ್ನು, ಅಂದರೆ ಲೋಹದ ಚೂರುಗಳನ್ನು, ತೊಳೆದುಕೊಂಡು ಹೊರಗೆ ಬೀಳುತ್ತಿತ್ತು. "ಕಾಕಾ, ಇದು ನಮ್ಮ ಸ್ಪಿಂಡಲ್‌ಗೂ ನಡೀತದಲ್ರಿ?" ಎಂದು ಹುಡುಗ ಕೇಳಿದ. ನಳಿಕೆಯ ಗೊಡವೆಗೆ ನಾವು ಹೋಗುವಂತಿಲ್ಲ, ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು ಅಪರಾಧ, ಅದರ ಬಿಡಿಭಾಗಗಳೂ ಆ ಕಾಯ್ದೆಯ ವ್ಯಾಪ್ತಿಯಲ್ಲೇ ಬರುತ್ತವೆ ಎಂಬುದನ್ನು ಅವನಿಗೆ ಮೊದಲು ಬಿಡಿಸಿ ಹೇಳಿದೆ. ಆದರೆ ತೊಳೆಯುವ ಉಪಾಯದ ಬಗ್ಗೆ ಅವನು ಕೇಳಿದ್ದು ತಪ್ಪಾಗಿರಲಿಲ್ಲ. ಉದ್ದನೆಯ ರಂಧ್ರ ಕೊರೆಯುವ ವಿದ್ಯೆ ಬೆಳೆದದ್ದೇ ನಳಿಕೆಯ ಕೆಲಸದಿಂದ. ಇವತ್ತು ಮೋಟಾರು ವಾಹನಗಳ ಕಾರ್ಖಾನೆಗಳಲ್ಲಿ ಬಳಸುವ ಆಳದ ಡ್ರಿಲ್ಲಿಗೆ ಗನ್ ಡ್ರಿಲ್ ಎಂಬ ಹೆಸರು ಉಳಿದಿರುವುದೂ ಆ ಕಾರಣದಿಂದಲೇ.

ಶಹಾಬಾದ್ ಕಲ್ಲಿಗೆ ಪಾಲಿಶ್ ಹಿಡಿಯುವ ಯಂತ್ರಗಳ ಟೊಳ್ಳು ಸ್ಪಿಂಡಲ್‌ಗಳು, ಅಂದರೆ ತಿರುಗುವ ದಂಡಗಳು, ನಮ್ಮಲ್ಲಿಗೆ ದುರಸ್ತಿಗೆ ಬರುತ್ತವೆ. ಪಾಲಿಶ್ ತಲೆಗೆ ನೀರು ಇಳಿಯುವುದು ಆ ಸ್ಪಿಂಡಲ್ಲಿನ ನಡುವಿನ ರಂಧ್ರದಿಂದ. ಅದರ ಬಾಯಿ ಸವೆದಾಗ ಸ್ವಲ್ಪ ದೊಡ್ಡದಾಗಿ ಕೊರೆದು, ರೀಮ್ ಮಾಡಿ, ಹೊಸ ಬುಶ್ (ಒಳಗೆ ಕೂರುವ ಲೋಹದ ಬಳೆ) ಕೂರಿಸಬೇಕು. 25 ಮಿಲಿಮೀಟರಿನ ರಂಧ್ರಕ್ಕೆ ಎಚ್7 ಎಂಬ ಪ್ರಮಾಣಿತ ಅಳತೆ ಎಂದರೆ ಹೆಚ್ಚೆಂದರೆ 21 ಮೈಕ್ರಾನ್ ಸಡಿಲಿಕೆ. ತಲೆಗೂದಲಿನ ದಪ್ಪದ ಅರ್ಧವೂ ಅಲ್ಲ. ಇಂಥ ಕಡೆ ರೀಮರಿನ ಹಲ್ಲುಗಳ ನಡುವಿನ ತೋಡಿನಲ್ಲಿ ಚಿಪ್ಸು ತುಂಬಿತೆಂದರೆ, ಆ ಚೂರುಗಳೇ ಗೋಡೆಯನ್ನು ಗೀರುತ್ತವೆ, ರಂಧ್ರ ಅಳತೆ ಮೀರುತ್ತದೆ, ಒಮ್ಮೊಮ್ಮೆ ರೀಮರೇ ಕಚ್ಚಿಕೊಂಡು ಮುರಿಯುತ್ತದೆ. ಆದ್ದರಿಂದ ನಾವು ಒಂದೆರಡು ಮಿಲಿಮೀಟರ್ ಒಳಗೆ ಹೋಗುವುದು, ಹೊರಗೆ ಎಳೆಯುವುದು, ಬ್ರಷ್ಷಿನಿಂದ ಒರೆಸುವುದು, ಎಣ್ಣೆ ಸವರಿ ಮತ್ತೆ ಒಳಗೆ ಹೋಗುವುದು, ಹೀಗೆಯೇ ಅರ್ಧ ದಿನ ಕಳೆಯುತ್ತಿದ್ದೆವು. ಹಿಂಬದಿಯಿಂದ ಕೂಲೆಂಟಿನ ಹರಿವು ಕೊಟ್ಟರೆ ಈ ಹೋಗಿಬರುವ ಕೆಲಸ ಬಹಳಷ್ಟು ತಪ್ಪುತ್ತದೆ.

ಹಳೆಯ ಗ್ರೈಂಡರಿನಿಂದ ಬಿಚ್ಚಿದ ಪಂಪು, ಅರ್ಧಕ್ಕೆ ಕತ್ತರಿಸಿದ ಡ್ರಮ್ಮು, ನಡುವೆ ಚಿಪ್ಸು ಕೆಳಗೆ ಕೂರಲೆಂದು ಎರಡು ತಗಡಿನ ಅಡ್ಡಗೋಡೆ, ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ, ತಳದಲ್ಲಿ ಕೆಟ್ಟ ಸ್ಪೀಕರಿನಿಂದ ತೆಗೆದ ಅಯಸ್ಕಾಂತ. ನಮ್ಮ ವ್ಯವಸ್ಥೆ ಇಷ್ಟೇ. ಮೊದಲ ದಿನ ಹುಡುಗ ಉತ್ಸಾಹದಲ್ಲಿ ಪೈಪನ್ನು ತಿರುಗುವ ಸ್ಪಿಂಡಲ್ಲಿನ ಹಿಂಬದಿಗೇ ನೇರವಾಗಿ ಕ್ಲಿಪ್ ಹಾಕಿ ಬಿಗಿದುಬಿಟ್ಟಿದ್ದ. ಚಕ್ (ಲೇತಿನಲ್ಲಿ ಕೆಲಸದ ವಸ್ತುವನ್ನು ಹಿಡಿಯುವ ತಲೆ) ತಿರುಗಿದ್ದೇ ತಡ, ಪೈಪು ಹಗ್ಗದಂತೆ ಹೊಸೆದುಕೊಂಡು ಕಿತ್ತುಬಂದು, ನನ್ನ ಅಂಗಿಯಿಂದ ಹಿಡಿದು ಗೋಡೆಯ ಕ್ಯಾಲೆಂಡರಿನ ತನಕ ಎಲ್ಲವೂ ಬಿಳಿ ನೀರಿನಲ್ಲಿ ತೊಯ್ದುಹೋದವು. ತಿರುಗುವ ಭಾಗಕ್ಕೂ ನಿಂತ ಪೈಪಿಗೂ ನಡುವೆ ಬೇರಿಂಗ್ ಮತ್ತು ಆಯಿಲ್ ಸೀಲ್ ಇರುವ ರೋಟರಿ ಜಾಯಿಂಟ್ ಇರಲೇಬೇಕೆಂಬ ಪಾಠವನ್ನು ಆ ಕ್ಯಾಲೆಂಡರು ಇಂದಿಗೂ ನೆನಪಿಸುತ್ತಿದೆ.

ಕೂಲೆಂಟಿನ ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ತನ್ನದೇ ಆದ ಕಷ್ಟವಿದೆ. ನೂರು ಲೀಟರ್ ನೀರಿಗೆ ಐದರಿಂದ ಎಂಟು ಲೀಟರ್ ಕೂಲೆಂಟ್ ಎಣ್ಣೆ ಬೆರೆಸಬೇಕು. ನೀರಿಗೆ ಎಣ್ಣೆ ಸುರಿಯಬೇಕೇ ಹೊರತು ಎಣ್ಣೆಗೆ ನೀರು ಸುರಿಯಬಾರದು, ಸುರಿದರೆ ಒಡೆದ ಹಾಲಿನಂತಾಗುತ್ತದೆ. ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಎಣ್ಣೆ ಸರಿಯಾಗಿ ಬೆರೆಯದೆ ಕೆನೆಯಂತೆ ಮೇಲೆ ಬಂದು ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳುಗಳ 42 ಡಿಗ್ರಿ ಬಿಸಿಲಿಗೆ ಡ್ರಮ್ಮಿನ ನೀರು ಆರಿ, ಎಣ್ಣೆಯೂ ಲವಣವೂ ಹಿಂದೆ ಉಳಿದು ದಪ್ಪವಾಗುತ್ತವೆ. ಆರಿದಷ್ಟಕ್ಕೆ ಮತ್ತೆ ಅದೇ ಬೋರಿನ ನೀರು ಹಾಕುತ್ತ ಹೋದರೆ ಲವಣ ಕೂಡುತ್ತಲೇ ಹೋಗಿ ಯಂತ್ರದ ಬೆಡ್ಡಿಗೆ (ಕಬ್ಬಿಣದ ತಳಪಾಯಕ್ಕೆ) ತುಕ್ಕು ಹಿಡಿಯುತ್ತದೆ. ನಾವೀಗ ಆರ್‌ಒ ಘಟಕದ ನೀರನ್ನು ಕ್ಯಾನಿನಲ್ಲಿ ತರಿಸಿ, ಅದಕ್ಕೆ ಚೂರು ಎಣ್ಣೆ ಬೆರೆಸಿ ತೆಳುವಾಗಿ ಸೇರಿಸುತ್ತಿದ್ದೇವೆ. ಕುಡಿಯುವ ನೀರನ್ನು ಕಬ್ಬಿಣಕ್ಕೆ ಕುಡಿಸುತ್ತೀರಾ ಎಂದು ನೆರೆಯವರು ನಗುತ್ತಾರೆ, ಆದರೆ ಲೆಕ್ಕ ಹಾಕಿದರೆ ಒಂದು ರೀಮರಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಎಷ್ಟೇ ಜೋಪಾನ ಮಾಡಿದರೂ ಕೂಲೆಂಟ್ ಒಂದು ದಿನ ಕೆಡುತ್ತದೆ. ಯಂತ್ರದ ಎಣ್ಣೆ ಸೋರಿ ಅದರ ಮೇಲೆ ಪದರು ಕಟ್ಟುತ್ತದೆ, ಅದರ ಅಡಿಯಲ್ಲಿ ಗಾಳಿಯಾಡದೆ ಸೂಕ್ಷ್ಮಜೀವಿಗಳು ಹುಟ್ಟುತ್ತವೆ. ರಜೆ ಮುಗಿಸಿ ಅಂಗಡಿಯ ಶಟರ್ ಎತ್ತಿದಾಗ ಕೊಳೆತ ಮೊಟ್ಟೆಯ ನಾತ ಮೂಗಿಗೆ ಹೊಡೆಯುತ್ತದೆ. ಅದರಲ್ಲೇ ಕೈಯಾಡಿಸುವ ಹುಡುಗರ ಬೆರಳ ಸಂದುಗಳು ಬಿರಿದು ಉರಿಯುತ್ತವೆ. ಆಮೇಲೆ ಏನು ಮಾಡುತ್ತೇವೆ? ನಾಚಿಕೆಯಿಂದಲೇ ಹೇಳುತ್ತೇನೆ, ನಾನೂ ಎಷ್ಟೋ ವರ್ಷ ರಾತ್ರಿ ಅಂಗಡಿ ಮುಚ್ಚುವ ಮುನ್ನ ಅದನ್ನು ಬಕೆಟ್ಟಿನಲ್ಲಿ ತುಂಬಿ ಹಿಂದಿನ ಚರಂಡಿಗೆ ಚೆಲ್ಲಿದ್ದೇನೆ. ಬೆಳಿಗ್ಗೆ ನೋಡಿದರೆ ಚರಂಡಿಯ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪೊರೆ ತೇಲುತ್ತಿರುತ್ತಿತ್ತು.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯನ್ನೂ ಎಣ್ಣೆ ಬೆರೆತ ತ್ಯಾಜ್ಯವನ್ನೂ ಹೀಗೆ ಚೆಲ್ಲುವಂತಿಲ್ಲ, ಅಧಿಕೃತ ಸಂಸ್ಕರಣೆದಾರರಿಗೇ ಕೊಡಬೇಕು. ನಿಯಮ ಸರಿಯಾಗಿಯೇ ಇದೆ, ಆದರೆ ಅದು ಬ್ಯಾರಲ್‌ಗಟ್ಟಲೆ ತ್ಯಾಜ್ಯ ಬರುವ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ. ಹಳೆಯ ಎಣ್ಣೆ ಕೊಳ್ಳುವ ಒಬ್ಬರಿಗೆ ನಾನು ಫೋನ್ ಮಾಡಿದಾಗ, ಇದರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಇದೆ, ನೀರಿಗೆ ಯಾರು ದುಡ್ಡು ಕೊಡುತ್ತಾರೆ ಎಂದರು. ದುಡ್ಡು ಬೇಡ, ಬರೀ ಒಯ್ಯಿರಿ ಎಂದರೆ, 140 ಲೀಟರಿಗಾಗಿ ಗಾಡಿ ಕಳುಹಿಸಲು ಆಗುವುದಿಲ್ಲ ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಒಂಟಿ ಅಂಗಡಿಯವನಿಗೆ ಆಗದ ಕೆಲಸ ಇದು.

ಆದ್ದರಿಂದ ಜಿಲ್ಲಾ ಕೈಗಾರಿಕಾ ಕೇಂದ್ರವೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ಕೂಡಿ, ಕಪನೂರು ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೊಮ್ಮೆಯಾದರೂ ಸಣ್ಣ ಅಂಗಡಿಗಳ ಕೂಲೆಂಟನ್ನು ಅಳತೆ ಮಾಡಿ ತೆಗೆದುಕೊಳ್ಳುವ ಒಂದು ಸಂಗ್ರಹ ಕೇಂದ್ರವನ್ನು ತೆರೆಯಬೇಕೆಂದು ವಿನಂತಿಸುತ್ತೇನೆ. ಲೀಟರಿಗೆ ಇಷ್ಟು ಎಂದು ಶುಲ್ಕ ಹಾಕಿದರೂ ಕೊಡಲು ನಮ್ಮಲ್ಲಿ ಬಹಳ ಮಂದಿ ಸಿದ್ಧರಿದ್ದಾರೆ. ನಮ್ಮಲ್ಲಿಗೆ ಬರುವ ಐಟಿಐ ಹುಡುಗರಿಗೆ ಮೈಕ್ರೊಮೀಟರ್ ಓದಲು ಚೆನ್ನಾಗಿ ಬರುತ್ತದೆ, ಕೂಲೆಂಟ್ ಬೆರೆಸಲು ಮಾತ್ರ ಬರುವುದಿಲ್ಲ. ಅದನ್ನೂ ಅರ್ಧ ದಿನದ ಪಾಠವಾಗಿ ಕೈಯಿಂದಲೇ ಮಾಡಿಸಿದರೆ, ಕೆಡುವ ಕೂಲೆಂಟಿನ ಪ್ರಮಾಣವೇ ಕಡಿಮೆಯಾದೀತು.

ನನ್ನ ಅಂಗಡಿಯ ಹಿಂದೆ ಈಗ 20 ಲೀಟರಿನ ಏಳು ಕ್ಯಾನುಗಳು ಮುಚ್ಚಳ ಬಿಗಿದುಕೊಂಡು ನಿಂತಿವೆ. ಎಲ್ಲಿಗೆ ತರಬೇಕೆಂದು ಯಾರಾದರೂ ತಿಳಿಸಿದರೆ ನಾಳೆಯೇ ಆಟೊದಲ್ಲಿ ಹೇರಿಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಲೇತ್ ಅಂಗಡಿಯ ಮಾಲೀಕ, ಕಲಬುರಗಿ