ಅಕ್ಕ, ‘ಅಲೌ’ ಒತ್ತುವ ಮುಂಚೆ

ಮ್ಯೂನಿಕ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ನೀವೆಲ್ಲ ಚೆನ್ನಾಗಿದ್ದೀರಿ ಅಂತ ಮೊನ್ನೆ ಫೋನಿನಲ್ಲೇ ಗೊತ್ತಾಯಿತು. ಆದರೂ ಬರೆಯುತ್ತಿದ್ದೇನೆ. ನೀನು ಕೇಳಿದ್ದನ್ನು ಬಾಯಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಇದನ್ನು ಪ್ರಿಂಟ್ ತೆಗೆದು ಅಂಗಡಿ ಕೌಂಟರ್ ಹತ್ತಿರ ಇಟ್ಟುಕೋ.

“ಗಿರಾಕಿ ಎದುರಿಗೆ ನಿಂತಿದ್ದರು, ಏನೋ ಬಾಕ್ಸ್ ಬಂತು, ಅಲೌ ಒತ್ತಿಬಿಟ್ಟೆ” ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ಆ ಕಂಪ್ಯೂಟರಿನಲ್ಲಿ ಬರೀ ಮದುವೆ ಕಾಗದ ಇದ್ದಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಸಾಗರದ ಎಷ್ಟು ಜನರ ಆಧಾರ್ ಸ್ಕ್ಯಾನ್, ಪಹಣಿ, ಪಾಸ್‌ಬುಕ್ ಪುಟ ಅದರಲ್ಲಿದೆ ಹೇಳು.

ಆ ಬಾಕ್ಸ್ ತೋರಿಸುವುದು ಫೈರ್‌ವಾಲ್. ನಮ್ಮ ಹಳೇ ಮನೆಯ ಜಗಲಿ ನೆನಪಿದೆಯಲ್ಲ. ಹೊಸಬರು ಬಂದರೆ ಅಜ್ಜ ಅಲ್ಲೇ ಕೂರಿಸಿ, ಯಾರು, ಯಾವ ಊರು ಅಂತ ಕೇಳದೆ ಒಳಗೆ ಬಿಡುತ್ತಿರಲಿಲ್ಲ. ಯಾವುದಾದರೂ ಪ್ರೋಗ್ರಾಮ್ ಹೊರಗಿನವರಿಗೆ ಬಾಗಿಲು ತೆಗೆಯಲು ಹೋದಾಗ ಫೈರ್‌ವಾಲ್ ತಡೆದು, ಬಿಡಲೋ ಬೇಡವೋ ಅಂತ ನಿನ್ನನ್ನು ಕೇಳುತ್ತದೆ.

2003ರಲ್ಲಿ ನಮ್ಮ ಮೊದಲ ಕಂಪ್ಯೂಟರ್ ಪಟ್ಟ ಪಾಡು ಮರೆತಿಲ್ಲ ತಾನೇ? ಇಂಟರ್ನೆಟ್ ಹಾಕಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅರವತ್ತು, ಐವತ್ತೊಂಬತ್ತು, ಐವತ್ತೆಂಟು ಅಂತ ಸೆಕೆಂಡು ಇಳಿಯುತ್ತಿತ್ತು. ಸೊನ್ನೆ ಬಂದಾಗ ಆಫ್ ಆಗಿ ಮತ್ತೆ ಆನ್. ಕರೆಂಟಿನ ತೊಂದರೆ ಅಂತ ಅಪ್ಪ ಸಿಪಿಯು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬಂದರು. ಅದು ಬ್ಲಾಸ್ಟರ್ ಅನ್ನುವ ವರ್ಮ್, ಅಂದರೆ ನೆಟ್‌ನಲ್ಲಿ ತಾನಾಗಿ ಹರಡುವ ಒಂಥರಾ ವೈರಸ್. ನಾವು ಯಾವ ಫೈಲನ್ನೂ ತೆರೆದಿರಲಿಲ್ಲ, ನೆಟ್‌ಗೆ ಸೇರಿದ್ದಷ್ಟೇ ಸಾಕಾಗಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ತಾನಾಗಿ ಆನ್ ಆಗಿರುತ್ತಿರಲಿಲ್ಲ. 2004ರಲ್ಲಿ ಸರ್ವಿಸ್ ಪ್ಯಾಕ್ 2 ಬಂದ ಮೇಲೆ ಆನ್ ಆಗಿಯೇ ಬರತೊಡಗಿತು.

ನಾಳೆ ಅಂಗಡಿ ತೆಗೆದ ಕೂಡಲೇ ಮೊದಲು ಆ ತಪ್ಪು ಸರಿಮಾಡು. ಸ್ಟಾರ್ಟ್ ಒತ್ತಿ ‘ಫೈರ್‌ವಾಲ್’ ಅಂತ ಇಂಗ್ಲಿಷಿನಲ್ಲಿ ಹೊಡಿ. ‘ಅಲೌ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್’ ಅಂತ ಸಿಗುತ್ತದೆ. ‘ಚೇಂಜ್ ಸೆಟ್ಟಿಂಗ್ಸ್’ ಒತ್ತಿ, ಮೊನ್ನೆ ಒಪ್ಪಿಗೆ ಕೊಟ್ಟ ಹೆಸರಿನ ಮುಂದಿನ ಟಿಕ್ ತೆಗೆ.

ಇನ್ನು ಮುಂದೆ ಆ ಬಾಕ್ಸ್ ಬಂದರೆ ಗಿರಾಕಿಯನ್ನು ಒಂದು ನಿಮಿಷ ಕಾಯಿಸು, ಪರವಾಗಿಲ್ಲ. ಪ್ರೋಗ್ರಾಮಿನ ಹೆಸರು, ಪಬ್ಲಿಷರ್, ಅದು ಇರುವ ಫೋಲ್ಡರ್ ಓದು. ಪಬ್ಲಿಷರ್ ‘ಅನ್‌ನೋನ್’ ಅಂತಿದ್ದು, ಫೋಲ್ಡರ್ ‘ಟೆಂಪ್’ ಅಥವಾ ‘ಡೌನ್‌ಲೋಡ್ಸ್’ ಆಗಿದ್ದರೆ, ಅದರಲ್ಲೂ ಯಾರದೋ ಪೆನ್‌ಡ್ರೈವ್ ಹಾಕಿದ ಮೇಲೆ ಬಂದಿದ್ದರೆ, ಕ್ಯಾನ್ಸಲ್ ಒತ್ತು. ಏನೂ ಹಾಳಾಗುವುದಿಲ್ಲ. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಲು ನೆಟ್ಟೇ ಬೇಡ. ಬೇಕಾದ್ದೇ ನಿಂತುಹೋದರೆ ಆಮೇಲೆ ಅದೇ ಪಟ್ಟಿಯಲ್ಲಿ ಟಿಕ್ ಹಾಕಿದರಾಯಿತು. ‘ಪಬ್ಲಿಕ್’ ಅನ್ನುವ ಚೌಕಕ್ಕೆ ಮಾತ್ರ ಸುಮ್ನೆ ಟಿಕ್ ಹಾಕಬೇಡ. ಅದು ಬಸ್‌ಸ್ಟ್ಯಾಂಡಿನ ವೈಫೈಯಂಥ ಕಡೆಗೆ.

ಪುಟ್ಟ ರಾತ್ರಿಯೆಲ್ಲ ನೆಟ್‌ನಲ್ಲಿ ಆಡುವ ಗೇಮನ್ನು ಪರೀಕ್ಷೆ ಮುಗಿಯುವವರೆಗೆ ನಿಲ್ಲಿಸುವ ವಿಷಯ. ಅದಕ್ಕೆ ಈ ಬಾಕ್ಸ್ ಸಾಲದು. ಜಗಲಿ ಕಡೆ ಇಷ್ಟು ಕಾವಲಿದ್ದರೂ ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. ಒಳಗಿನ ಪ್ರೋಗ್ರಾಮ್ ಹೊರಗೆ ಹೋಗುವುದನ್ನು ವಿಂಡೋಸ್ ತಾನಾಗಿ ತಡೆಯುವುದಿಲ್ಲ, ಕೇಳುವುದೂ ಇಲ್ಲ. ನಾವೇ ಹೇಳಬೇಕು. ಅದೇ ಹುಡುಕಾಟದಲ್ಲಿ ‘ಅಡ್ವಾನ್ಸ್‌ಡ್ ಸೆಕ್ಯೂರಿಟಿ’ ಅಂತ ಇರುವುದನ್ನು ತೆರೆ. ಎಡಗಡೆ ‘ಔಟ್‌ಬೌಂಡ್ ರೂಲ್ಸ್’, ಬಲಗಡೆ ‘ನ್ಯೂ ರೂಲ್’. ‘ಪ್ರೋಗ್ರಾಮ್’ ಆರಿಸಿ ಗೇಮಿನ ಫೈಲ್ ತೋರಿಸು. ಆಮೇಲೆ ‘ಬ್ಲಾಕ್ ದ ಕನೆಕ್ಷನ್’, ಮೂರೂ ಟಿಕ್ ಇರಲಿ, ಕೊನೆಗೆ ಒಂದು ಹೆಸರು ಕೊಡು. ಪರೀಕ್ಷೆ ಮುಗಿದ ಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸೇಬಲ್’ ಒತ್ತಿದರೆ ಮತ್ತೆ ಬಿಟ್ಟುಕೊಡುತ್ತದೆ. ಅವನಿಗೆ ಬೇರೆ ಅಕೌಂಟ್ ಮಾಡಿಕೊಡು, ‘ಸ್ಟ್ಯಾಂಡರ್ಡ್’ ಆಗಿರಲಿ. ನಿನ್ನ ಪಾಸ್‌ವರ್ಡ್ ಇಲ್ಲದೆ ಅವನು ಆ ರೂಲ್ ತೆಗೆಯಲಾಗದು. ಆದರೆ ಕದ್ದು ಮಾಡಬೇಡ ಅಕ್ಕ, ಅವನಿಗೆ ಮೊದಲೇ ಹೇಳಿ ಮಾಡು.

ಅಲ್ಲಿ ‘ಎಸ್‌ವಿಸಿಹೋಸ್ಟ್’ ಅನ್ನುವುದನ್ನು ಮಾತ್ರ ಮುಟ್ಟಬೇಡ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಅದು ಪದೇ ಪದೇ ಹೊರಗೆ ಹೋಗುವುದು ಕಂಡು ಹೆದರಿ ನಾನು ಬ್ಲಾಕ್ ಮಾಡಿದ್ದೆ. ವಿಂಡೋಸಿನ ಎಷ್ಟೋ ಕೆಲಸ ಅದರ ಮೂಲಕವೇ ನಡೆಯುತ್ತದೆ ಅಂತ ತಿಳಿದಿರಲಿಲ್ಲ. ಅಪ್‌ಡೇಟ್ ನಿಂತುಹೋಯಿತು, ಕಾರಣ ಹುಡುಕಲು ಎರಡು ಸಂಜೆ ಹೋಯಿತು.

ಇನ್ನೊಂದು. ಬ್ರೌಸರ್ ತುಂಬ ಕೆಂಪಾಗಿ, ಕೀಂ ಅಂತ ಸದ್ದು ಮಾಡುತ್ತ, ‘ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಬಂದರೆ ಅದು ಮೋಸ. ಫೈರ್‌ವಾಲ್ ಎಂದೂ ಫೋನ್ ನಂಬರ್ ಕೊಡುವುದಿಲ್ಲ. ಆಲ್ಟ್ ಹಿಡಿದು ಎಫ್4 ಒತ್ತಿ ಮುಚ್ಚು. ಭಾವನಿಗೂ ಹೇಳು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಏನು ಒತ್ತಬೇಕು ಅಂತ ಗೊತ್ತಾಗದಿದ್ದರೆ ಏನನ್ನೂ ಒತ್ತದೆ ಆ ಬಾಕ್ಸಿನ ಫೋಟೋ ಕಳಿಸು. ನೀನು ಹತ್ತು ಗಂಟೆಗೆ ಅಂಗಡಿ ತೆಗೆಯುವಾಗ ಇಲ್ಲಿ ಐದೂವರೆ. ಎಚ್ಚರ ಇರುತ್ತೇನೆ, ಫೋನ್ ಮಾಡು.

ಅಮ್ಮನಿಗೆ, ಭಾವನಿಗೆ ನಮಸ್ಕಾರ. ಪುಟ್ಟನಿಗೆ ಮುತ್ತು.

ನಿನ್ನ ತಂಗಿ