ಹಳೆ ಮನೆಗಳ ಬೆಂಕಿಗೆ ನೀರಿನ ಮಂಜು: ಶಿರಸಿ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಮ್ಮ ಕಡೆಯ ಹಳೆ ಮನೆಗಳು ನಿಮಗೆ ಗೊತ್ತೇ ಇವೆ. ಮರದ ತೊಲೆ, ಹಲಗೆಯ ಅಟ್ಟ, ಅಟ್ಟದ ತುಂಬ ಅಡಿಕೆ ಚೀಲ, ಬಚ್ಚಲ ಒಲೆಯ ಪಕ್ಕದಲ್ಲೇ ಕಟ್ಟಿಗೆ ರಾಶಿ, ಹಳೇ ಕಾಲದ ವೈರಿಂಗ್. ಇಂಥ ಮನೆಗೆ ಬೆಂಕಿ ಬಿದ್ದರೆ 112ಕ್ಕೆ ಫೋನ್ ಮಾಡಬಹುದು. ಆದರೆ ಪೇಟೆಯಿಂದ ಅಗ್ನಿಶಾಮಕದ ಗಾಡಿ ಹೊರಟು, ತೋಟದ ಕಿರುದಾರಿಯಲ್ಲಿ ನುಗ್ಗಿ ಅಂಗಳ ಮುಟ್ಟುವಷ್ಟರಲ್ಲಿ ಅಟ್ಟ ಉಳಿಯುವುದು ಕಷ್ಟ. ಅದು ಸಿಬ್ಬಂದಿಯ ತಪ್ಪಲ್ಲ, ದೂರವೇ ಹಾಗಿದೆ. ಬೆಂಕಿ ಆರಿಸುವ ವ್ಯವಸ್ಥೆ ಮನೆಯೊಳಗೇ ಇರಬೇಕು.

ಅದಕ್ಕೆ ವಾಟರ್ ಮಿಸ್ಟ್, ಅಂದರೆ ನೀರಿನ ಮಂಜು, ಒಂದು ಒಳ್ಳೆಯ ದಾರಿ. ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಲ್ಲೂ ನೀರು ಒತ್ತಡದಲ್ಲಿ ಸಣ್ಣ ನಾಜಲ್ ದಾಟಿ ಮಂಜಾಗಿ ಹರಡುತ್ತದೆ. ಹನಿಗಳು ಒಂದು ಮಿಲಿಮೀಟರ್‌ಗಿಂತ ಚಿಕ್ಕವು. ಹನಿ ಚಿಕ್ಕದಾದಷ್ಟೂ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಬೆಂಕಿಯ ಶಾಖ ಹೀರುತ್ತದೆ. ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗಿ ಉಬ್ಬಿ, ಬೆಂಕಿಯ ಸುತ್ತಲಿನ ಆಮ್ಲಜನಕವನ್ನೂ ದೂರ ತಳ್ಳುತ್ತದೆ. ಬೆಂಕಿ ಆರಿಸುವ ಮಾಮೂಲಿ ಸ್ಪ್ರಿಂಕ್ಲರ್‌ಗಿಂತ ತುಂಬ ಕಡಿಮೆ ನೀರು ಸಾಕು. ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವ ಊರುಗಳಿಗೆ ಇದೇನು ಸಣ್ಣ ಅನುಕೂಲವೇ? ಶಾಖ ತಾಗಿದಾಗ ತಾನಾಗಿ ತೆರೆದುಕೊಳ್ಳುವ ನಾಜಲ್‌ಗಳೂ ಇವೆ. ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವ ಹಳ್ಳಿಗಳಲ್ಲಿ ಇದು ಬಹಳ ಮುಖ್ಯ.

ತೊಡಕೂ ಇದೆ. ಮಂಜು ಚೆನ್ನಾಗಿ ಕೆಲಸ ಮಾಡುವುದು ಮುಚ್ಚಿದ ಕೋಣೆಯಲ್ಲಿ. ನಮ್ಮ ಅಟ್ಟಗಳಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಕರೆಂಟ್ ಕಥೆ ನಿಮಗೇ ಗೊತ್ತು, ಅಲ್ವಾ? ಕರೆಂಟ್ ಪಂಪ್ ಒಂದನ್ನೇ ನಂಬುವ ಹಾಗಿಲ್ಲ. ಉರಿಯದ ಗ್ಯಾಸ್ ಅನ್ನು ಒತ್ತಡದಲ್ಲಿ ತುಂಬಿದ ಸಿಲಿಂಡರ್‌ನಿಂದ ನಡೆಯುವ ವ್ಯವಸ್ಥೆಯೂ ಇದೆ, ಅದನ್ನೂ ನೋಡಬೇಕು. ಬೇರೆ ಕಡೆ ಗೆದ್ದದ್ದನ್ನು ಸುಮ್ನೆ ತಂದು ಕೂರಿಸಿದರೆ ಆಗದು. ನಮ್ಮ ಹೆಂಚಿನ ಮನೆಯಲ್ಲೇ ಪರೀಕ್ಷೆ ಆಗಬೇಕು.

ಬ್ರಿಟನ್ 2015ರಲ್ಲಿ ಮನೆಗಳ ಮಿಸ್ಟ್ ವ್ಯವಸ್ಥೆಗೆಂದೇ ಬಿಎಸ್ 8458 ಮಾನದಂಡ ತಂದಿತು. ವಾಟರ್ ಮಿಸ್ಟ್‌ಗೆ ನಮ್ಮಲ್ಲೂ ಐಎಸ್ 15519 ಎಂಬ ಭಾರತೀಯ ಮಾನದಂಡ ಇದೆ. ಹಾಗಾಗಿ ಸೊನ್ನೆಯಿಂದ ಶುರು ಮಾಡಬೇಕಿಲ್ಲ.

ನಾನು ಕೇಳುವುದು ಇಷ್ಟು. ಶಿರಸಿ, ಸಿದ್ದಾಪುರದಲ್ಲಿ ಒಪ್ಪುವ ಕೆಲವು ಮನೆಗಳಲ್ಲಿ ಅಗ್ನಿಶಾಮಕ ಇಲಾಖೆಯಿಂದ ಇದನ್ನು ಅಳವಡಿಸಿ ನೋಡಿಸಿ. ಬಳಕೆಯಲ್ಲಿಲ್ಲದ ಹಳೆ ಮನೆಯೊಂದರಲ್ಲಿ ಬೆಂಕಿ ಹಚ್ಚಿ, ಊರವರ ಎದುರೇ ಪರೀಕ್ಷೆ ಮಾಡಿಸಿ. ಫಲ ಚೆನ್ನಾಗಿ ಬಂದರೆ ಸಹಾಯಧನಕ್ಕೆ ವಿಧಾನಸಭೆಯಲ್ಲಿ ದನಿ ಎತ್ತಿ. ಹೊಸ ಅಡಿಕೆ ಅಟ್ಟ ಸೇರುವ ಮೊದಲು ಪರೀಕ್ಷೆಯ ದಿನವನ್ನಾದರೂ ತಿಳಿಸಿ.

ಇಂತಿ,
ಶಿರಸಿ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ