ಎತ್ತರದ ಮಕ್ಕಳನ್ನು ಸುಮ್ನೆ ರಿಂಗಿನ ಕೆಳಗೆ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟಗಳು ಹತ್ತಿರ ಬಂದವು. ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಹಲವು ಶಾಲೆಗಳಲ್ಲಿ ಬಾಸ್ಕೆಟ್‌ಬಾಲ್ ತಂಡ ಕಟ್ಟುವುದನ್ನು ನಾನು ನೋಡಿದ್ದೇನೆ. ಅಸೆಂಬ್ಲಿ ಸಾಲಿನ ಕೊನೆಯಲ್ಲಿ ನಿಂತ ಎತ್ತರದ ಮಕ್ಕಳನ್ನು ಕರೆಯುತ್ತಾರೆ. "ನೀನು ರಿಂಗಿನ ಕೆಳಗೆ ನಿಲ್ಲು, ಕೈ ಮೇಲೆತ್ತು, ಚೆಂಡು ಬಂದರೆ ಹಾಕು" ಎನ್ನುತ್ತಾರೆ. ಅವರ ತರಬೇತಿ ಅಲ್ಲಿಗೆ ಮುಗಿಯಿತು. ಗಿಡ್ಡ ಮಕ್ಕಳಿಗೆ ಚೆಂಡು ಪುಟಿಸುವುದು, ಪಾಸ್ ಕೊಡುವುದು, ಓಡುವುದು ಎಲ್ಲ ಹೇಳಿಕೊಡುತ್ತಾರೆ. ಎತ್ತರದವರಿಗೆ ಎತ್ತರವೇ ಸಾಕು ಎಂಬ ಲೆಕ್ಕ. ಆ ಮಕ್ಕಳ ಪರವಾಗಿ ಈ ಪತ್ರ.

ನಾನು ನೀರ್ಚಾಲಿನವಳು. ಮಂಗಳೂರಿನಲ್ಲಿ ಕಾಲೇಜು ಓದುವಾಗ ತಂಡದಲ್ಲಿ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರ್ತಿಯಾಗಿ ಆಡಿದವಳು. ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ನನ್ನ ತಂಗಿಯ ಮಗಳು ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೇ ತರಗತಿ. ಐದು ಅಡಿ ಒಂಬತ್ತು ಇಂಚು ಇದ್ದಾಳೆ, ಇನ್ನೂ ಬೆಳೆಯುತ್ತಿದ್ದಾಳೆ. ಕಳೆದ ವರ್ಷ ಉಪಜಿಲ್ಲಾ ಪಂದ್ಯದಲ್ಲಿ ಇವಳನ್ನೂ ಹೀಗೇ ನಿಲ್ಲಿಸಿದರು. ಚೆಂಡು ಕೈಗೆ ಬಂದಾಗಲೆಲ್ಲ ಅದನ್ನು ಸೊಂಟದವರೆಗೆ ಇಳಿಸುತ್ತಿದ್ದಳು. ಭುಜದಷ್ಟೇ ಎತ್ತರದ ಹುಡುಗಿಯರು ಬಂದು ಕಿತ್ತುಕೊಂಡು ಹೋಗುತ್ತಿದ್ದರು. ಮನೆಗೆ ಬಂದು "ದೊಡ್ಡಮ್ಮಾ, ನನಗೆ ಈ ಆಟ ಬೇಡ" ಎಂದಳು. ಆಟ ಬೇಡ ಎನ್ನಲು ಅವಳು ಇನ್ನೂ ಆಟ ನೋಡಿಯೇ ಇರಲಿಲ್ಲ. ಯಾರಾದರೂ ತೋರಿಸಿದ್ದರಲ್ವಾ ನೋಡುವುದು!

"ರಿಂಗಿನ ಕೆಳಗೆ ನಿಲ್ಲು" ಎನ್ನುವುದು ನಿಯಮಕ್ಕೇ ಹೊಂದುವ ಮಾತಲ್ಲ. ನಮ್ಮ ತಂಡ ದಾಳಿಯಲ್ಲಿರುವಾಗ ಎದುರಾಳಿಯ ರಿಂಗಿನ ಮುಂದೆ ಗೆರೆ ಹಾಕಿದ ಆಯತದ ಒಳಗೆ ಒಮ್ಮೆಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವಂತಿಲ್ಲ. ನಿಂತರೆ ವಿಸಿಲ್ ಬೀಳುತ್ತದೆ, ಚೆಂಡು ಆಚೆಯವರಿಗೆ ಹೋಗುತ್ತದೆ. ಆ ಆಯತದ ಅಗಲ 4.9 ಮೀಟರ್. ಅದರ ಪಕ್ಕದ ಗೆರೆಯ ಹೊರಗೆ, ರಿಂಗಿಗೆ ಬೆನ್ನು ಹಾಕಿ ನಿಲ್ಲುವ ಜಾಗಕ್ಕೆ ಪೋಸ್ಟ್ ಎನ್ನುತ್ತಾರೆ. ಎತ್ತರದ ಆಟಗಾರರ ಕಸುಬೆಲ್ಲ ಅಲ್ಲಿಂದ ಶುರು. ಆ ಜಾಗದ ಪಾಠ ಕೈಗಿಂತ ಮೊದಲು ಕಾಲಿನದು.

ನಾನು ಅವಳಿಗೆ ಮೊದಲು ನಿಲ್ಲುವುದನ್ನೇ ಹೇಳಿಕೊಟ್ಟೆ. ಕಾಲು ಭುಜಕ್ಕಿಂತ ಅಗಲ ಇರಬೇಕು, ಮೊಣಕಾಲು ಬಗ್ಗಿರಬೇಕು, ಸೊಂಟ ಕೆಳಗಿರಬೇಕು. ಹಿಂದೆ ಇರುವ ಡಿಫೆಂಡರ್ (ತಡೆಯುವ ಎದುರಾಳಿ) ಯಾವ ಪಕ್ಕದಲ್ಲಿ ಒತ್ತುತ್ತಿದ್ದಾಳೆ ಎಂದು ಬೆನ್ನಿಗೇ ಗೊತ್ತಾಗಬೇಕು. ಒಂದು ಕೈ ಎತ್ತಿ ಪಾಸ್ ಕೇಳಬೇಕು. ಚೆಂಡು ಹಿಡಿಯುವಾಗ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ಬಂದರೆ ಯಾವ ಕಾಲನ್ನು ಬೇಕಾದರೂ ಪಿವಟ್, ಅಂದರೆ ನೆಲದಲ್ಲಿ ಊರಿ ಅದರ ಮೇಲೆ ತಿರುಗುವ ಕಾಲು, ಮಾಡಿಕೊಳ್ಳಬಹುದು. ಹಿಡಿದ ಚೆಂಡು ಗಲ್ಲದಿಂದ ಕೆಳಗೆ ಇಳಿಯಬಾರದು, ಮೊಣಕೈ ಎರಡೂ ಅಗಲಿಸಿರಬೇಕು. ಹೋದ ವರ್ಷ ಕಿತ್ತುಕೊಂಡವರಿಗೆ ಇನ್ನು ಇಷ್ಟರಿಂದಲೇ ಕೆಲಸ ಕಷ್ಟ.

ಆಮೇಲೆ ಡ್ರಾಪ್ ಸ್ಟೆಪ್, ಅಂದರೆ ಹಿಂದಕ್ಕೆ ಇಡುವ ಹೆಜ್ಜೆ. ಡಿಫೆಂಡರ್ ಅಂಕಣದ ಮಧ್ಯದ ಕಡೆಯಿಂದ ಒತ್ತುತ್ತಿದ್ದರೆ ಬೇಸ್‌ಲೈನ್ (ರಿಂಗಿನ ಹಿಂದಿನ ಗಡಿ ಗೆರೆ) ಕಡೆಯ ಕಾಲನ್ನು ಹಿಂದಕ್ಕೆ, ಅವಳ ಪಾದದ ಆಚೆಗೆ ಇಡಬೇಕು. ಸೊಂಟ ತಿರುಗಿದ ಕೂಡಲೇ ಡಿಫೆಂಡರ್ ನಮ್ಮ ಬೆನ್ನ ಹಿಂದೆ ಉಳಿಯುತ್ತಾಳೆ. ಚೆಂಡನ್ನು ಒಂದೇ ಒಂದು ಸಲ ಜೋರಾಗಿ ಪುಟಿಸುವುದು (ಡ್ರಿಬಲ್), ಎರಡೂ ಕಾಲಿನಿಂದ ಜಿಗಿತ, ರಿಂಗಿನ ಹಿಂದಿನ ಬೋರ್ಡಿನ ಮೇಲಿನ ಚೌಕಕ್ಕೆ ಚೆಂಡು. ನೋಡಲು ಸುಲಭ. ಆದರೆ ಆ ಹಿಂದಿನ ಹೆಜ್ಜೆ ನಾಲ್ಕು ಬೆರಳು ಗಿಡ್ಡವಾದರೂ ಡಿಫೆಂಡರ್ ಎದುರಿಗೇ ಇರುತ್ತಾಳೆ.

ಇವಳಿಗೆ ಇದು ಬೇಗ ಬಂತು. ಕಾರಣ ಯಕ್ಷಗಾನ. ಐದನೇ ತರಗತಿಯಿಂದ ತೆಂಕುತಿಟ್ಟಿನ ಹೆಜ್ಜೆ ಕಲಿತವಳು, ಸುತ್ತುತ್ತಾ ಜಿಗಿಯುವ ಧಿಗಿಣ ಹಾಕುವವಳು. ದೇಹದ ಭಾರ ಯಾವ ಕಾಲಿನ ಮೇಲಿದೆ ಎಂದು ಅವಳಿಗೆ ಯೋಚಿಸದೆಯೇ ಗೊತ್ತು. ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ 1940ರ ದಶಕದಲ್ಲಿ ಜಾರ್ಜ್ ಮೈಕನ್ ಎಂಬ ಹುಡುಗ ಇದ್ದ. ಆರು ಅಡಿ ಹತ್ತು ಇಂಚು, ದಪ್ಪ ಗಾಜಿನ ಕನ್ನಡಕ, ನಡೆದರೆ ಎಡವುವಂತಿದ್ದ. ಡಿಪಾಲ್ ವಿಶ್ವವಿದ್ಯಾಲಯದ ಕೋಚ್ ರೇ ಮೇಯರ್ ಅವನಿಗೆ ಹಗ್ಗದಾಟ ಆಡಿಸಿದರು, ಬಾಕ್ಸಿಂಗ್ ಮಾಡಿಸಿದರು, ಡ್ಯಾನ್ಸ್ ಕ್ಲಾಸಿಗೂ ಕಳಿಸಿದರು. ಮುಂದೆ ಅವನು ಎಷ್ಟು ದೊಡ್ಡ ಆಟಗಾರನಾದ ಎಂದರೆ, ಅವನನ್ನು ತಡೆಯಲೆಂದೇ 1951ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯವರು ರಿಂಗಿನ ಮುಂದಿನ ಆಯತವನ್ನು 6 ಅಡಿಯಿಂದ 12 ಅಡಿಗೆ ಅಗಲ ಮಾಡಿದರು. ರಿಂಗಿನ ಬಲಬದಿಯಲ್ಲಿ ಬಲಗೈಯಿಂದ, ಎಡಬದಿಯಲ್ಲಿ ಎಡಗೈಯಿಂದ, ಚೆಂಡು ಕೆಳಗಿಳಿಸದೆ ಒಂದರ ಹಿಂದೆ ಒಂದು ಹಾಕುವ ಅಭ್ಯಾಸಕ್ಕೆ ಇಂದಿಗೂ ಅವನದೇ ಹೆಸರು. ಮೈಕನ್ ಡ್ರಿಲ್. ಒಂದು ರಿಂಗು, ಒಂದು ಚೆಂಡು ಇದ್ದರೆ ಸಾಕು. ನಮ್ಮ ಶಾಲೆಗಳಲ್ಲಿ ಯಕ್ಷಗಾನ ಕಲಿಸುವ ಗುರುಗಳಿದ್ದಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲೇ ಇದೆ. ಹೆಜ್ಜೆ ಬಲ್ಲ ಎಷ್ಟು ಮಕ್ಕಳು ನಮ್ಮಲ್ಲಿಲ್ಲ? ದೈಹಿಕ ಶಿಕ್ಷಕರು ಆ ಮಕ್ಕಳನ್ನೂ ಒಮ್ಮೆ ನೋಡಲಿ.

ಎಡಗೈ ಮಾತ್ರ ಬಹಳ ಸತಾಯಿಸಿತು. ನಮ್ಮ ಮನೆಗಳಲ್ಲಿ ಎಡಗೈ ಮುಂದೆ ಮಾಡಿದರೆ ಗದರುತ್ತಾರೆ. ಅದಕ್ಕೆ ಅವಳಿಗೆ ಎಡಗೈಯಲ್ಲಿ ಹಲ್ಲುಜ್ಜಲು, ಅಂಗಳ ಗುಡಿಸಲು ಹೇಳಿದೆ. ಅವಳ ಅಜ್ಜಿಗೆ ಇಷ್ಟವಾಗಲಿಲ್ಲ, ಆದರೂ ಬಿಟ್ಟರು. ಹುಕ್ ಶಾಟ್ ಎರಡೂ ಕೈಯಲ್ಲಿ ಬರಲೇಬೇಕು. ಭುಜ ರಿಂಗಿನ ಕಡೆಗೆ, ಚೆಂಡು ದೂರದ ಕೈಯಲ್ಲಿ, ನಡುವೆ ನಮ್ಮ ಇಡೀ ದೇಹ. ತಡೆಯಬೇಕಾದರೆ ಎದುರಾಳಿ ಅಷ್ಟನ್ನೂ ದಾಟಿ ಕೈ ಚಾಚಬೇಕು. ಬಲಗೈ ಮಾತ್ರ ಬರುತ್ತದೆ ಎಂದು ಗೊತ್ತಾದರೆ ಎರಡನೇ ಪಂದ್ಯದಲ್ಲೇ ಆ ಕಡೆ ಮುಚ್ಚಿಬಿಡುತ್ತಾರೆ.

ಮಕ್ಕಳಿಗೆ ಹತ್ತು ಹೊಡೆತ ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದು ಹೊಡೆತ ಗಟ್ಟಿ ಇರಲಿ, ಅದನ್ನು ತಡೆದರೆ ಹಾಕಲು ಇನ್ನೊಂದು ಇರಲಿ. ನಮ್ಮ ಹುಡುಗಿಗೆ ಹುಕ್ ಮೊದಲನೆಯದು. ಡಿಫೆಂಡರ್ ಅದಕ್ಕೆ ಜಿಗಿದರೆ, ಚೆಂಡು ತೋರಿಸಿ ಅವಳ ಕೈಯಡಿಯಿಂದ ನುಗ್ಗಿ ಹಾಕುವುದು ಎರಡನೆಯದು. ಅಪ್ ಆ್ಯಂಡ್ ಅಂಡರ್ ಎನ್ನುತ್ತಾರೆ.

ಇಲ್ಲಿ ಪಂದ್ಯದ ತೀರ್ಪುಗಾರರಲ್ಲಿ ನನ್ನ ಕಳಕಳಿಯ ಒಂದು ವಿನಂತಿ. ಈ ಎರಡನೇ ಹೊಡೆತ ಹಾಕಿದರೆ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಹಾಕಿದ್ದು, ಎಂದು ವಿಸಿಲ್ ಊದುವುದುಂಟು. ಶಾಟ್ ಹಾಕಲು ಅಥವಾ ಪಾಸ್ ಕೊಡಲು ಪಿವಟ್ ಕಾಲನ್ನು ಎತ್ತಬಹುದು. ಎತ್ತಿದ ಕಾಲು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಬಿಟ್ಟರೆ ಸರಿ. ಡ್ರಿಬಲ್ ಶುರು ಮಾಡುವಾಗ ಮಾತ್ರ ಪಿವಟ್ ಎತ್ತುವ ಮೊದಲೇ ಚೆಂಡು ಕೈಬಿಟ್ಟಿರಬೇಕು. ಈ ಎರಡು ನಿಯಮ ಕಲಸಿಹೋದರೆ, ಕಷ್ಟಪಟ್ಟು ಕಲಿತ ಹುಡುಗಿಗೇ ಶಿಕ್ಷೆ. ಸರಿಯಾಗಿ ಮಾಡಿದ್ದಕ್ಕೆ ಎರಡು ಸಲ ವಿಸಿಲ್ ಬಿದ್ದರೆ ಹದಿನಾಲ್ಕು ವರ್ಷದ ಮಗು ಮತ್ತೆ ಅದನ್ನು ಮಾಡುವುದೇ ಇಲ್ಲ. ಪಂದ್ಯಕ್ಕೆ ಮೊದಲು ಇಷ್ಟನ್ನು ಒಮ್ಮೆ ನೋಡಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

"ಪೋಸ್ಟ್ ಆಟ ಹಳೆಯದು, ಈಗ ಎಲ್ಲರೂ ದೂರದಿಂದ ಹಾಕುತ್ತಾರೆ" ಎಂದು ಮೊಬೈಲ್ ನೋಡುವ ಮಕ್ಕಳು ವಾದ ಮಾಡುತ್ತಾರೆ. ದೂರದ ಶಾಟ್ ಕಲಿಯಲಿ, ಬೇಡ ಎನ್ನುವುದಿಲ್ಲ. ಆದರೆ ಸೆರ್ಬಿಯಾದ ನಿಕೋಲಾ ಯೋಕಿಚ್‌ನನ್ನೂ ಅದೇ ಮೊಬೈಲಿನಲ್ಲಿ ನೋಡಲಿ. ಎನ್‌ಬಿಎ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ 2014ರ ಡ್ರಾಫ್ಟ್‌ನಲ್ಲಿ 41ನೆಯವನಾಗಿ ಆಯ್ಕೆಯಾದವನು. ಹೆಚ್ಚು ಜಿಗಿಯುವುದಿಲ್ಲ, ವೇಗವೂ ಇಲ್ಲ. 2021, 2022, 2024ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರ ಅವನೇ. ಅವನ ಪಾದ ನೋಡಿ, ಪೋಸ್ಟಿನಿಂದ ಅವನು ಕೊಡುವ ಪಾಸ್ ನೋಡಿ. ಇನ್ನೊಂದು ಸಂಗತಿ ಶಿಕ್ಷಕರಿಗಾಗಿ ಹೇಳುತ್ತೇನೆ. 2011ರ ಎನ್‌ಬಿಎ ಫೈನಲ್‌ನಲ್ಲಿ ಸೋತ ಮೇಲೆ ಲೆಬ್ರಾನ್ ಜೇಮ್ಸ್ ಪೋಸ್ಟ್ ಆಟ ಕಲಿಯಲು ಹ್ಯೂಸ್ಟನ್‌ಗೆ, ಆ ಆಟಕ್ಕೆ ಹೆಸರಾದ ಹಳೆಯ ಸೆಂಟರ್ ಹಕೀಮ್ ಒಲಾಜುವಾನ್ ಹತ್ತಿರ ಹೋದ. ಲೆಬ್ರಾನ್ ಅಷ್ಟರಲ್ಲೇ ಎರಡು ಸಲ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡವನು. ಮರುವರ್ಷ ತಂಡ ಗೆದ್ದಿತು. ಅಂಥವನಿಗೇ ಬೇರೆ ಗುರು ಬೇಕಾದರೆ ನಮ್ಮ ಮಕ್ಕಳಿಗೆ ಬೇಡವೇ? ಆ ಒಲಾಜುವಾನ್ ಕೂಡ ನೈಜೀರಿಯಾದಲ್ಲಿ ಹದಿಹರೆಯದವರೆಗೆ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿಕೊಂಡಿದ್ದವನು. ಒಂಬತ್ತನೇ ತರಗತಿಗೆ ಬಂದಾಯಿತು, ಇನ್ನೇನು ಕಲಿಯುವುದು ಎನ್ನುವ ಪೋಷಕರು ಇದನ್ನು ಗಮನಿಸಬೇಕು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮದೇ ಕೇರಳದ ಕೋಟ್ಟಯಂನ ಗೀತು ಅನ್ನಾ ಜೋಸ್ ಮೊದಲು ವಾಲಿಬಾಲ್ ಆಡಿದವರು. ಆರು ಅಡಿ ಎರಡು ಇಂಚು. ಭಾರತ ತಂಡದ ನಾಯಕಿಯಾದರು, ಆಸ್ಟ್ರೇಲಿಯಾದ ಕ್ಲಬ್‌ನಲ್ಲಿ ಆಡಿದರು, 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ತಂಡಗಳು ಅವರನ್ನು ಪರೀಕ್ಷೆಗೆ ಕರೆದವು. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ರೈಲ್ವೆ, ಕೇರಳ ವಿದ್ಯುತ್ ಮಂಡಳಿಗಳಿಗೆ ಮಹಿಳಾ ತಂಡಗಳಿವೆ. ಆಟದಿಂದ ಕೆಲಸ ಸಿಗುವ ರಾಜ್ಯ ಇದು. ಆ ದಾರಿ ನಮ್ಮ ಎಣ್ಮಕಜೆ, ಬದಿಯಡ್ಕ, ಮಂಗಲ್ಪಾಡಿಯ ಹುಡುಗಿಯರಿಗೂ ತೆರೆದಿರಬೇಕು.

ಅದಕ್ಕೆ ದೊಡ್ಡ ಸ್ಟೇಡಿಯಂ ಕೇಳುತ್ತಿಲ್ಲ. ನಮ್ಮಲ್ಲಿ ಜೂನ್‌ನಿಂದ ಮಳೆ. ಮುರಕಲ್ಲಿನ ಮೈದಾನ ಕೆಸರಾಗುತ್ತದೆ, ಸಿಮೆಂಟ್ ಅಂಕಣ ಪಾಚಿಗಟ್ಟುತ್ತದೆ. ಕ್ರೀಡಾಕೂಟ ಬರುವುದು ಆ ಮಳೆಯ ಬೆನ್ನಿಗೇ. ಹಾಗಾಗಿ ಅಭ್ಯಾಸದ ತಿಂಗಳೆಲ್ಲ ನೀರುಪಾಲು. ಪೋಸ್ಟ್ ಆಟದ ಅಭ್ಯಾಸಕ್ಕೆ 28 ಮೀಟರ್ ಉದ್ದದ ಅಂಕಣ ಬೇಡ. ಒಂದು ಕೋಣೆಯಷ್ಟು ಗಟ್ಟಿ ನೆಲ, ಮೇಲೆ ಮಾಡು, 3.05 ಮೀಟರ್ ಎತ್ತರದಲ್ಲಿ ಒಂದು ರಿಂಗು ಸಾಕು. ಪಂಚಾಯತಿಗಳು ಶಾಲೆಗಳ ಎತ್ತರದ ಶೀಟಿನ ಚಪ್ಪರದ ಒಂದು ಬದಿಗೆ ಬೋರ್ಡ್ ಕಟ್ಟಿಸಿದರೂ ನಡೆಯುತ್ತದೆ. ನಮ್ಮ ಮನೆಯಲ್ಲಿ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಮಾಡು ಹಾಕಿದ ಅಂಗಳ ಮಳೆಗಾಲದಲ್ಲಿ ಖಾಲಿ. ರಿಂಗು ಇಡುವಷ್ಟು ಎತ್ತರ ಇಲ್ಲ, ಆದರೆ ಪಿವಟ್, ಡ್ರಾಪ್ ಸ್ಟೆಪ್, ಎರಡೂ ಕಾಲಿನಲ್ಲಿ ಮೊಣಕಾಲು ಬಗ್ಗಿಸಿ ಇಳಿಯುವುದು, ಎಲ್ಲ ಅಲ್ಲೇ ಆಗುತ್ತದೆ. ಇಳಿಯುವ ಪಾಠ ಬಿಡಲೇಬಾರದು. ಜಿಗಿಯುವ ಆಟಗಳಲ್ಲಿ ಹುಡುಗಿಯರ ಮೊಣಕಾಲಿಗೆ ಪೆಟ್ಟಾಗುವುದು ಹುಡುಗರಿಗಿಂತ ಜಾಸ್ತಿ.

ಚೆಂಡಿನ ವಿಷಯವೂ ಇದೆ. ಹುಡುಗಿಯರಿಗೆ 6ನೇ ಸೈಜಿನ ಚೆಂಡು. ನಾನು ನೋಡಿದ ಹೆಚ್ಚಿನ ಶಾಲೆಗಳಲ್ಲಿ ಇರುವುದು ಗಂಡಸರ 7ನೇ ಸೈಜು ಒಂದೇ. ಅದರ ಸುತ್ತಳತೆ 75 ಸೆಂಟಿಮೀಟರಿಗೂ ಜಾಸ್ತಿ, ತೂಕವೂ ಹೆಚ್ಚು. ಅದರಲ್ಲಿ ಒಂದೇ ಕೈಯ ಹುಕ್ ಶಾಟ್ ಕಲಿ ಎಂದರೆ ಆ ಬೆರಳುಗಳು ಏನು ಮಾಡಬೇಕು? ರಕ್ಷಕ ಶಿಕ್ಷಕ ಸಂಘದವರು ಮನಸ್ಸು ಮಾಡಿದರೆ ಒಂದು ವಾರದಲ್ಲಿ ಆಗುವ ಕೆಲಸ ಇದು.

ಪಂದ್ಯಗಳ ಕ್ರಮವನ್ನೂ ಬದಲಿಸಬೇಕು. ಈಗ ಸೋತರೆ ಮನೆಗೆ. ನಮ್ಮ ಹುಡುಗಿಯ ತಂಡ ಕಳೆದ ವರ್ಷ ಆಡಿದ್ದು ಒಂದೇ ಪಂದ್ಯ. ವರ್ಷಕ್ಕೆ ಒಂದು ಪಂದ್ಯ ಆಡಿ ಯಾರು ಏನು ಕಲಿಯಬಹುದು? ನಾಲ್ಕು ಶಾಲೆಗಳು ಸೇರಿ ಶನಿವಾರಗಳಲ್ಲಿ ಪರಸ್ಪರ ಆಡಲಿ. ಫಲಿತಾಂಶ ಪೇಪರಿಗೆ ಬರಬೇಕೆಂದಿಲ್ಲ. ಬೇಸಿಗೆ ಶಿಬಿರ ಮಾಡುವ ಸಂಘಗಳು ಒಂದು ದಿನವನ್ನಾದರೂ ಎತ್ತರದ ಮಕ್ಕಳಿಗೇ ಮೀಸಲಿಡಲಿ. ಸಾಧ್ಯವಾದರೆ ಕನ್ನಡ ಬಲ್ಲ ಒಬ್ಬರು ಅಲ್ಲಿರಲಿ. ನಮ್ಮ ಮಕ್ಕಳಿಗೆ ಮಲೆಯಾಳ ಬರುತ್ತದೆ, ಆದರೆ ಕಾಲಿನ ಸೂಕ್ಷ್ಮ ಹೇಳುವಾಗ ಅರ್ಥವಾಗದ್ದನ್ನು ಮತ್ತೆ ಕೇಳಲು ಸಂಕೋಚಪಡುತ್ತಾರೆ.

ಈ ವರ್ಷ ನಮ್ಮ ಹುಡುಗಿ ಮತ್ತೆ ಆಯ್ಕೆಗೆ ಹೋಗುತ್ತಾಳೆ. ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಯಾರೂ ತಡೆಯದೆ ಹಾಕುವ ಶಾಟ್, ಇನ್ನೂ ಹದಕ್ಕೆ ಬಂದಿಲ್ಲ. ಪೋಸ್ಟಿನಲ್ಲಿ ಆಡುವವರ ಮೇಲೆ ಫೌಲ್ ಜಾಸ್ತಿ, ಹಾಗಾಗಿ ಈಗ ಸಂಜೆಯೆಲ್ಲ ಅದೇ ಅಭ್ಯಾಸ. ನೀರ್ಚಾಲು, ಬದಿಯಡ್ಕ, ಪೆರ್ಲದ ಸುತ್ತಿನ ಯಾವ ಶಾಲೆಯವರು ಕರೆದರೂ ಶನಿವಾರ ನಾನು ಬಂದು ಎತ್ತರದ ಮಕ್ಕಳಿಗೆ ಹೇಳಿಕೊಡುತ್ತೇನೆ. ಹಣ ಬೇಡ. ರಿಂಗಿಗೆ ಬಲೆ ಇಲ್ಲದಿದ್ದರೂ ನಡೆಯುತ್ತದೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ, ಕೇಳಿದವರಿಗೆ ದಯವಿಟ್ಟು ತಿಳಿಸಿ.

– ಹಳೆಯ ಆಟಗಾರ್ತಿ, ನೀರ್ಚಾಲು, ಕಾಸರಗೋಡು